ಗದ್ದದ ಕೆಳಗೆ ನಿಂತ ಗಿಟಾರು

"ಕಳ್ಳ ಗಿಟಾರು ಕದ್ದ, ಒಪ್ಪಿದೆ. ವಾಪಸ್ಸು ತಂದಿಟ್ಟ, ಅದನ್ನೂ ಒಪ್ಪಿದೆ. ಆದ್ರೆ ಹೊಸ ತಂತಿ ಯಾಕೆ ಹಾಕಿದ?"

ಅತ್ತಿಗೆ ಹಾಗೆಂದು ಕೇಳಿದ್ದು ಮೂಗನ್ನು ಗಾಜಿನ ಪೆಟ್ಟಿಗೆಗೆ ಒತ್ತಿಕೊಂಡು. ಉತ್ತರ ಹೇಳಬೇಕಾಗಿದ್ದ ಮ್ಯೂಸಿಯಂ ಮೇಲ್ವಿಚಾರಕ ಪೆಟ್ಟಿಗೆಯ ಇನ್ನೊಂದು ಮಗ್ಗುಲನ್ನು ತಬ್ಬಿಕೊಂಡು ನಿಂತಿದ್ದ. ವಾರದ ಹಿಂದೆ ಮಾಯವಾಗಿದ್ದ ಕೆಂಪು ಎಲೆಕ್ಟ್ರಿಕ್ ಗಿಟಾರು, ನಾಳೆ ಉದ್ಘಾಟನೆಯಾಗಬೇಕಿದ್ದ ಹೊಸ ಸಭಾಂಗಣದ ನಟ್ಟನಡುವೆ, ತವರಿಗೆ ಹೋಗಿ ಬಂದವಳಂತೆ ಮೈಕೈ ತೊಳೆದುಕೊಂಡು ಕೂತಿತ್ತು.

"ಸಿಕ್ತಲ್ಲ ಮೇಡಂ," ಎಂದ ಮೇಲ್ವಿಚಾರಕ. "ಇನ್ನು ತಂತಿ ಗಿಂತಿ ಅಂತ ಯಾಕೆ ತಲೆ ಕೆಡಿಸ್ಕೊಳ್ತೀರಿ? ಕೇಸು ಮುಗೀತು ಅಂದ್ಬಿಡಿ."

"ಮುಗಿದಿದ್ರೆ ನಾನೇ ಹೇಳ್ತಿದ್ದೆ. ಇಲ್ಲಿದ್ದ ಹಿತ್ತಾಳೆ ಫಲಕ ಎಲ್ಲಿ?"

ಪೆಟ್ಟಿಗೆಯ ಬುಡದಲ್ಲಿ ನಾಲ್ಕು ಸ್ಕ್ರೂ ತೂತುಗಳು ಮಾತ್ರ ಉಳಿದಿದ್ದವು. 'ಮಿಂಚು ಅವರು ನುಡಿಸಿದ ಗಿಟಾರು' ಎಂದು ಕೆತ್ತಿದ್ದ ಫಲಕ ಅಲ್ಲಿರಲಿಲ್ಲ. ಗಿಟಾರು ಕಳುವಾದ ದಿನ ಫಲಕ ಇತ್ತು. ಗಿಟಾರು ಬಂದ ದಿನ ಫಲಕ ಹೋಗಿತ್ತು.

ಮೇಲ್ವಿಚಾರಕ ಆಗಷ್ಟೇ ಕಂಡವನಂತೆ ಬಗ್ಗಿ ನೋಡಿ, "ಅಯ್ಯೋ ಅದೇನ್ ಬಿಡಿ, ಇನ್ನೊಂದು ಮಾಡಿಸಿದ್ರಾಯ್ತು," ಎಂದು ತನ್ನ ಟೈ ಸರಿಮಾಡಿಕೊಂಡ. ಆ ಟೈ ಮೇಲೆಲ್ಲ ಪುಟ್ಟ ಪುಟ್ಟ ಗಿಟಾರುಗಳಿದ್ದವು.

ಅತ್ತಿಗೆ ಮಾತು ಬೆಳೆಸಲಿಲ್ಲ. ಸುಳ್ಳು ಕ್ಲೇಮುಗಳನ್ನು ಮೂಸಿ ಹಿಡಿಯಲೆಂದೇ ವಿಮಾ ಕಂಪನಿ ಅವಳನ್ನು ಬಹುಕಾಲ ಸಾಕಿತ್ತು. ಸುಟ್ಟು ಬೂದಿಯಾಯಿತೆಂದ ಅಂಗಡಿ ಪಕ್ಕದ ಬೀದಿಯಲ್ಲಿ ವ್ಯಾಪಾರ ಮಾಡುತ್ತಿದ್ದುದನ್ನು, ಸತ್ತನೆಂದು ಹೇಳಿದ ಮನುಷ್ಯ ಸಲೂನಿನಲ್ಲಿ ಮೀಸೆಗೆ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದುದನ್ನು ಅವಳು ಕಣ್ಣಾರೆ ಕಂಡು ಬಂದಿದ್ದಳು. ವರದಿ ಬರೆಯುವವಳು ಅವಳು, ಸಹಿ ಮಾತ್ರ ಮೇಲಧಿಕಾರಿಯದು. ಒಂದು ದಿನ ಅದೂ ಸಾಕೆನಿಸಿ ಸ್ವಂತ ಪತ್ತೇದಾರಿ ಕಚೇರಿ ತೆರೆದಳು. ಸಹಾಯಕ್ಕೆ ಸಿಕ್ಕವನು ಗಂಡನ ತಮ್ಮ. ಅವನು ಕೋರ್ಟಿನಲ್ಲೂ ಪೊಲೀಸ್ ಠಾಣೆಯಲ್ಲೂ ಎಗ್ಗಿಲ್ಲದೆ "ಅತ್ತಿಗೆ, ಅತ್ತಿಗೆ" ಎಂದು ಕರೆದು ಕರೆದು, ಈಗ ಇನ್ಸ್‌ಪೆಕ್ಟರರಿಂದ ಹಿಡಿದು ಜೇಬುಗಳ್ಳರವರೆಗೆ ಎಲ್ಲರಿಗೂ ಅವಳು ಅತ್ತಿಗೆಯೇ.

ಆ ಮೈದುನ ಈಗ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ಅವನ ತಲೆಯ ಮುಂಭಾಗದಲ್ಲಿ ಕೂದಲು ಇರಲಿಲ್ಲ. ಹಿಂಭಾಗದಲ್ಲಿ ಭುಜ ಮುಟ್ಟುವಷ್ಟಿತ್ತು. ಮುಂದಿನದು ವಯಸ್ಸಿನ ಕೆಲಸ, ಹಿಂದಿನದು ಮಿಂಚು ಅವರ ಮೇಲಿನ ಭಕ್ತಿ. ಮಿಂಚು ಅವರ ಕೂದಲು ಹಾಗೇ ಇತ್ತು.

"ಅತ್ತಿಗೆ, ಅವರು ಬರೋ ಹೊತ್ತಾಯ್ತು," ಎಂದ. "ನಾನು ಕಾಲಿಗೆ ಬೀಳ್ಲಾ, ಬರೀ ಕೈ ಕುಲುಕ್ಲಾ?"

"ಮೊದಲು ಬರ್ಲಿ. ಆಮೇಲೆ ಯಾರು ಬೀಳ್ತಾರೆ ನೋಡೋಣ."

ಅವಳು ಸಭಾಂಗಣದ ಗೋಡೆಗಳನ್ನು ಮತ್ತೊಮ್ಮೆ ಕಣ್ಣಾಡಿಸಿ ನೋಡಿದಳು. ಎಲೆಕ್ಟ್ರಿಕ್ ಗಿಟಾರಿನ ಇತಿಹಾಸವಂತೆ. ಗೋಡೆ ತುಂಬ ಗಂಡಸರು. ಕಣ್ಣು ಮುಚ್ಚಿದವರು, ಹಲ್ಲು ಕಚ್ಚಿದವರು, ಹೊಟ್ಟೆನೋವು ಬಂದವರಂತೆ ಬಗ್ಗಿದವರು. ಹೆಂಗಸೆಂದು ಇದ್ದವಳು ಒಬ್ಬಳೇ, ಒಂದು ತಂತಿ ಕಂಪನಿಯ ಜಾಹೀರಾತಿನಲ್ಲಿ. ಅವಳು ಗಿಟಾರು ಹಿಡಿದಿರಲಿಲ್ಲ. ಅದರ ಪಕ್ಕ ನಿಂತು ನಗುತ್ತಿದ್ದಳು.

ಮಿಂಚು ಬಂದರು. ಆರಡಿ ಮೀರಿದ ಆಳು, ಬಿಳಿ ಬೂಟು, ನೆರಳಿನಲ್ಲೂ ತೆಗೆಯದ ಕಪ್ಪು ಕನ್ನಡಕ. ಕನ್ನಡಕದ ದೆಸೆಯಿಂದ ಹೊಸ್ತಿಲು ಕಾಣದೆ ಎಡವಿದರು. ಹಿಂದಿದ್ದ ಹೆಂಡತಿ ತೋಳು ಹಿಡಿದು ನಿಲ್ಲಿಸಿದರು. ಆಕೆಯೂ ಎತ್ತರದ ಗಟ್ಟಿ ಹೆಂಗಸು. ಗಂಡನ ಮಾತ್ರೆ, ನೀರಿನ ಬಾಟಲಿ, ಬಾಚಣಿಗೆ ಎಲ್ಲ ಆಕೆಯ ಚೀಲದಲ್ಲಿದ್ದವು. ಯಾರೂ ಹೇಳದಿದ್ದರೂ ಮೂಲೆಯ ಕುರ್ಚಿಯಲ್ಲಿ ಹೋಗಿ ಕೂತರು.

ಮೈದುನ ಕೊನೆಗೆ ಕಾಲಿಗೂ ಬೀಳದೆ, ಕೈಯನ್ನೂ ಕುಲುಕದೆ, "ಸರ್, 'ಏಳನೇ ಮಹಡಿ' ಕೇಳಿ ನನ್ನ ಜೀವನ ಹಾಳಾಯ್ತು ಸರ್," ಎಂದುಬಿಟ್ಟ. ಹೊಗಳಿಕೆಯೆಂದೇ ಹೇಳಿದ್ದ.

ಅದು ಅವನೊಬ್ಬನ ಕಥೆಯಲ್ಲ. 'ಏಳನೇ ಮಹಡಿ' ಎಂಬ ಆ ಸಣ್ಣ ಗಿಟಾರು ವಾದನ ರೇಡಿಯೊದಲ್ಲಿ ಮೊದಲು ಬಂದಾಗ, ಕೇಳಿದ ಹುಡುಗರೆಲ್ಲ ಓದು ಬಿಟ್ಟು ಗಿಟಾರು ಹಿಡಿದಿದ್ದರು. ಅದನ್ನು ಸರಿಯಾಗಿ ನುಡಿಸಲು ಒಬ್ಬರಿಗೂ ಆಗಿರಲಿಲ್ಲ. ಮಿಂಚು ಕೂಡ ವೇದಿಕೆಯ ಮೇಲೆ ಅದನ್ನು ಯಾವತ್ತೂ ನುಡಿಸಿದವರಲ್ಲ. ಕೇಳಿದರೆ, "ಒಂದ್ಸಲ ಮಿಂಚಿದ್ದು ಸಾಕು," ಎಂದು ನಕ್ಕು ಬೇರೆ ಏನಾದರೂ ನುಡಿಸುತ್ತಿದ್ದರು. ಜನ ಅದಕ್ಕೂ ಚಪ್ಪಾಳೆ ಹೊಡೆಯುತ್ತಿದ್ದರು.

"ಒಂದು ಫೋಟೊ ಸರ್, ಪೇಪರಿನವರಿಗೆ ಕಳಿಸ್ತೀನಿ," ಎಂದು ಮೇಲ್ವಿಚಾರಕ ಪೆಟ್ಟಿಗೆ ತೆರೆದು ಗಿಟಾರನ್ನು ಎತ್ತಿಕೊಟ್ಟ.

ಮಿಂಚು ಅದರ ಚರ್ಮದ ಪಟ್ಟಿಯೊಳಗೆ ತಲೆ ತೂರಿಸಿದರು. ಅದು ಕಿವಿಗೆ ಸಿಕ್ಕಿಕೊಂಡಿತು. ಹೆಂಡತಿ ಎದ್ದು ಬಂದು ಕಿವಿ ಬಿಡಿಸಿ ಮತ್ತೆ ಹೋಗಿ ಕೂತರು. ಕೊನೆಗೆ ಪಟ್ಟಿ ಭುಜಕ್ಕೆ ಇಳಿಯಿತು, ಗಿಟಾರು ಮಾತ್ರ ಇಳಿಯಲಿಲ್ಲ. ಉಣ್ಣಲು ಕೂತ ಕೂಸಿನ ಕೊರಳಿಗೆ ಕಟ್ಟಿದ ಬಟ್ಟೆಯಂತೆ ಗದ್ದದ ಕೆಳಗೇ ನಿಂತಿತು. ಮಿಂಚು ಅವರ ಮುಖ ಚಾವಣಿಗೆ ತಿರುಗಿತು.

"ಪಟ್ಟಿ ಯಾರೋ ಗಿಡ್ಡ ಮಾಡಿದಾರೆ," ಎಂದರು ಚಾವಣಿಯನ್ನು ಉದ್ದೇಶಿಸಿ.

"ಯಾರೂ ಮಾಡಿಲ್ಲ ಸರ್." ಅತ್ತಿಗೆ ಹತ್ತಿರ ಹೋಗಿ ಬಕಲ್ಲಿನ ಮೇಲೆ ಬೆರಳಿಟ್ಟಳು. "ಇಲ್ಲಿ ಸಾಲಾಗಿ ತೂತುಗಳಿವೆ ನೋಡಿ. ಮಿಕ್ಕಿದ್ದೆಲ್ಲ ಗುಂಡಗೆ, ಅಂಗಡಿಯಿಂದ ಬಂದ ಹಾಗೇ ಇವೆ. ಈ ಕೊನೇದು ಮಾತ್ರ ಎಳೆದೂ ಎಳೆದೂ ಮೊಟ್ಟೆ ಆಕಾರ ಆಗಿದೆ. ತುಕ್ಕು ಅಂಟಿರೋದೂ ಇದಕ್ಕೇ. ಈ ಬಕಲ್ಲು ಹುಟ್ಟಿದಾಗಿಂದ ಬೇರೆ ತೂತು ಕಂಡಿಲ್ಲ."

"ಆಗ ಹೀಗೆ ಎತ್ತರಕ್ಕೆ ಕಟ್ಕೊಳ್ಳೋದೇ ಫ್ಯಾಶನ್ನು."

"ಆ ಗೋಡೆ ಮೇಲಿನ ಫೋಟೊದಲ್ಲಿ ನಿಮ್ಮ ಗಿಟಾರು ಮಂಡಿ ಹತ್ರ ಇದೆಯಲ್ಲ ಸರ್."

ಮಿಂಚು ಗೋಡೆ ನೋಡಲು ಯತ್ನಿಸಿದರು. ಕತ್ತು ತಿರುಗಲಿಲ್ಲ. "ಅದು ಬೇರೆ ಪಟ್ಟಿ."

"ಹೌದಾ? ನನಗೂ ಹಾಗೇ ಅನಿಸ್ತು. ಫೋಟೊಗೆ ಒಂದು ಪಟ್ಟಿ, ನುಡಿಸೋದಕ್ಕೆ ಒಂದು ಪಟ್ಟಿ."

"ಅತ್ತಿಗೆ," ಎಂದ ಮೈದುನ, ಅವಳ ಸೆರಗು ಜಗ್ಗುವುದೊಂದೇ ಬಾಕಿ. "ದೊಡ್ಡವರ ಹತ್ರ ಹೀಗೆಲ್ಲ ಮಾತಾಡ್ತಾರಾ?"

"ಸರಿ ಕಣಪ್ಪ, ಮಾತು ಬೇಡ. ಸಾಹೇಬ್ರು ಎರಡು ಸ್ವರ ನುಡಿಸಿಬಿಡ್ಲಿ. ನಾನು ಕೈಮುಗಿದು ಹೊರಟುಹೋಗ್ತೀನಿ."

ಪ್ರದರ್ಶನಕ್ಕಿಟ್ಟಿದ್ದ ಹಳೆಯ ಆಂಪ್ಲಿಫೈಯರಿಗೆ ಅವಳೇ ಗಿಟಾರಿನ ವೈರು ಸಿಕ್ಕಿಸಿದಳು. ಅದು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಗುಂಯ್ ಎಂದಿತು. ಮಿಂಚು ಗಿಟಾರನ್ನು ಕೊರಳಿಂದ ಬಿಡಿಸಿ, ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲಿಟ್ಟುಕೊಂಡು, ತಮಗೆ ರೂಢಿಯಿದ್ದ ಕಡೆ ಬೆರಳೊತ್ತಿ ಒಮ್ಮೆ ಮೀಟಿದರು. ಬಾಗಿಲಿಗೆ ಬಾಲ ಸಿಕ್ಕಿಸಿಕೊಂಡ ಬೆಕ್ಕಿನಂಥ ಸದ್ದು ಬಂತು.

"ಶ್ರುತಿ ಕೆಡಿಸಿದಾನೆ ಕಳ್ಳ," ಎಂದು ಅವರು ಬಿರಡೆಗೆ ಕೈಹಾಕಿದರು.

"ಮುಟ್ಟಬೇಡಿ," ಎಂದಳು ಅತ್ತಿಗೆ. ದನಿ ಏರಿಸಲಿಲ್ಲ, ಆದರೆ ಕೈ ನಿಂತಿತು. "ಹೊಸ ತಂತಿ ಹಾಕಿ, ಮೈ ಒರೆಸಿ, ಮನೆ ಮಗುವಿನ ಹಾಗೆ ನೋಡ್ಕೊಂಡವರು ಶ್ರುತಿ ಯಾಕೆ ಕೆಡಿಸ್ತಾರೆ? ಬೇಕಂತಲೇ ಹೀಗೆ ಕೂಡಿಸಿದಾರೆ. ನೀನು ಬಾ ಇಲ್ಲಿ."

ಕರೆದದ್ದು ಮೈದುನನನ್ನು. ಅವನು ಬಂದ. ದೇವರ ವಿಗ್ರಹವನ್ನು ಎತ್ತಿಕೊಳ್ಳುವವನಂತೆ ಗಿಟಾರು ತೆಗೆದುಕೊಂಡು, ಮಿಂಚು ಬಿಟ್ಟೆದ್ದ ಸ್ಟೂಲಿನ ಮೇಲೆ ಕೂತ.

"'ಏಳನೇ ಮಹಡಿ' ನುಡಿಸು."

"ನನಗೆ ಬರಲ್ಲ ಅತ್ತಿಗೆ. ನಿಮಗೆ ಗೊತ್ತಲ್ಲ, ಮನೇಲಿ ಎಲ್ಲರೂ ಬಾಗಿಲು ಹಾಕ್ಕೊಳ್ತಾರೆ."

"ಬೆರಳು ಎಲ್ಲಿಡಬೇಕು ಅಂತ ಯೋಚನೆ ಮಾಡಬೇಡ. ಯಾವುದು ಸುಲಭವೋ ಅಲ್ಲಿಡು."

ಅವನು ಕಣ್ಣು ಮುಚ್ಚಿ ಒಂದೇ ಬೆರಳನ್ನು ಅಡ್ಡಡ್ಡ ಮಲಗಿಸಿದ. ಬಲಗೈಯಿಂದ ಮೀಟಿದ. ಬೆರಳನ್ನು ಮೇಲೆ ಜಾರಿಸಿದ, ಮತ್ತೆ ಮೀಟಿದ.

ಸಭಾಂಗಣದಲ್ಲಿ 'ಏಳನೇ ಮಹಡಿ' ಎದ್ದು ನಿಂತಿತು.

ತಪ್ಪುಗಳಿದ್ದವು, ತಡವರಿಕೆಯಿತ್ತು. ಆದರೂ ಅದೇ. ಮಾಳಿಗೆಯಿಂದ ಮಾಳಿಗೆಗೆ ಹಾರುವ ಅದೇ ಸ್ವರಗಳು. ಅಷ್ಟು ವರ್ಷ ಬೆರಳುಗಳನ್ನು ಗಂಟು ಹಾಕಿಕೊಂಡು ಹುಡುಕಿದ್ದು, ಒಂದು ಬೆರಳ ಅಳತೆಯಲ್ಲಿ ತಾನಾಗಿ ಕೂತಿತ್ತು. ಬೀಗ ಸರಿಯಿತ್ತು, ಎಲ್ಲರ ಕೈಯಲ್ಲೂ ಇದ್ದದ್ದು ಬೇರೆ ಬೀಗದ ಕೀಲಿ. ಮೈದುನನ ಕೆನ್ನೆ ಮೇಲೆ ನೀರು ಇಳಿಯತೊಡಗಿತು. ಒರೆಸಿಕೊಂಡರೆ ವಾದನ ನಿಲ್ಲುತ್ತದೆಂದು ಹಾಗೇ ಬಿಟ್ಟ.

ಅತ್ತಿಗೆ ವಾದನಕ್ಕಿಂತ ಮುಖಗಳನ್ನು ನೋಡುತ್ತಿದ್ದಳು. ಮಿಂಚು ಬೆಳ್ಳಗಾಗಿದ್ದರು. ಅವರ ಹೆಂಡತಿ ಚೀಲವನ್ನು ಎದೆಗೊತ್ತಿಕೊಂಡಿದ್ದರು. ಮೇಲ್ವಿಚಾರಕನ ಮುಖದಲ್ಲಿ ಮಾತ್ರ ಆಶ್ಚರ್ಯವೆನ್ನುವುದೇ ಇಲ್ಲ. ಅವನು ಬಾಗಿಲ ಕಡೆ ನೋಡುತ್ತಿದ್ದ.

"ಆಡಳಿತ ಮಂಡಳಿಯವರಿಗೆ ಒಂದು ಫೋನ್ ಮಾಡ್ಬೇಕು, ನನ್ನ ರೂಮಲ್ಲಿರ್ತೀನಿ," ಎಂದು ಗೊಣಗಿ ಅವನು ಹೊರಗೆ ಹೋದ.

ವಾದನ ನಿಂತಿತು. ಆಂಪ್ಲಿಫೈಯರ್ ಒಂದೇ ಗುಂಯ್‌ಗುಡುತ್ತಿತ್ತು.

"ಸರ್," ಎಂದ ಮೈದುನ. "ನೀವು ಇದನ್ನ ನುಡಿಸೇ ಇಲ್ಲ. ಅಲ್ವಾ?"

ಅದರಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಇರಬೇಕು, ಮಿಂಚು ಕನ್ನಡಕ ತೆಗೆದರು. ಕನ್ನಡಕದ ಹಿಂದೆ ಸಾಮಾನ್ಯವಾದ, ನಿದ್ದೆಗೆಟ್ಟ ಎರಡು ಕಣ್ಣುಗಳಿದ್ದವು.

"ನಾನಲ್ಲಪ್ಪ," ಎಂದರು. "ಗುಬ್ಬಿ ಅಂತ ಒಬ್ಬಳಿದ್ದಳು. ಇಷ್ಟೇ ಎತ್ತರ. ನಮ್ಮ ತಂಡದ ಗಂಡಸರಿಗೆಲ್ಲ ಗಿಟಾರು ಹಿಡಿಯೋದು ಕಲಿಸಿದ್ದೇ ಅವಳು. ಆ ಶ್ರುತಿ ಅವಳು ಕಂಡುಕೊಂಡಿದ್ದು. ಹಾಡು ಅವಳು ಕಟ್ಟಿದ್ದು. ಸ್ಟೂಡಿಯೊದಲ್ಲಿ ಕೂತು ನುಡಿಸಿದ್ದೂ ಅವಳೇ. ರೆಕಾರ್ಡಿನ ಹೊದಿಕೆಗೆ ಫೋಟೊ ತೆಗೆಯೋ ದಿನ ಸ್ಟೂಡಿಯೊ ಮಾಲೀಕ ಬಂದ. ಹೆಂಗಸಿನ ಕೈಯಲ್ಲಿ ಕರೆಂಟಿನ ಗಿಟಾರು ಇದ್ರೆ ಯಾರು ಕೊಂಡ್ಕೊಳ್ತಾರೆ ಅಂದ. ನೀನು ಉದ್ದ ಇದೀಯ, ನೀನು ನಿಂತ್ಕೋ ಅಂದ. ನಿಂತ್ಕೊಂಡೆ."

"ನಾನು ನುಡಿಸಿದ್ದಲ್ಲ ಅಂತ ಒಂದು ಮಾತು ಹೇಳೋಕೆ ಆಗ್ಲಿಲ್ವಾ?" ಎಂದಳು ಅತ್ತಿಗೆ.

"ಹೇಳಿದೆ ಕಣಮ್ಮ. ಮೊದಲನೇ ದಿನವೇ ಹೇಳಿದೆ, ರೇಡಿಯೊದಲ್ಲಿ ಕೇಳಿದಾಗ. 'ಇದು ನನ್ನದಲ್ಲ' ಅಂದೆ. ಎಂಥ ವಿನಯ ಅಂತ ಬರೆದ್ರು. ಎರಡನೇ ಸಲ ಹೇಳಿದೆ. ವಿನಯಕ್ಕೆ ಒಂದು ಪ್ರಶಸ್ತಿ ಕೊಟ್ರು. ಆಮೇಲೆ ಹೇಳೋದು ಬಿಟ್ಟೆ. ಬಿಟ್ಟಿದ್ದೇ ತಪ್ಪು. ಪ್ರಶಸ್ತಿ ಚೆನ್ನಾಗಿತ್ತು."

ಅತ್ತಿಗೆಗೆ ನಗು ಬಂತು. ತನ್ನ ವರದಿಗಳ ಕೆಳಗಿದ್ದ ಪರರ ಸಹಿಗಳು ನೆನಪಾಗಿ ಆ ನಗು ಅರ್ಧಕ್ಕೇ ನಿಂತಿತು.

"ಹೊರಗೆ ದೊಡ್ಡ ಬ್ಯಾನರ್ ಕಟ್ಟಿದಾರೆ," ಎಂದಳು. "'ನಾಳೆ ಮೊದಲ ಬಾರಿಗೆ ಮಿಂಚು ಅವರಿಂದ ವೇದಿಕೆಯ ಮೇಲೆ ಏಳನೇ ಮಹಡಿ.' ಗಿಟಾರು ಇದ್ರೆ ನುಡಿಸ್ಬೇಕು. ಇಲ್ದೇ ಹೋದ್ರೆ ನುಡಿಸೋ ಹಾಗಿಲ್ಲ. ನಿಮ್ಮ ಹತ್ರ ಈ ಸಭಾಂಗಣದ ಕೀಲಿ ಇದೆಯಾ, ಸರ್?"

"ಸನ್ಮಾನ ಮಾಡಿದಾಗ ತಟ್ಟೆಯಲ್ಲಿಟ್ಟು ಕೊಟ್ಟಿದ್ರು. ಅಲಂಕಾರಕ್ಕೆ ಅಂದ್ಕೊಂಡಿದ್ದೆ. ನೋಡಿದ್ರೆ ಬಾಗಿಲಿಗೂ ಆಯ್ತು, ಪೆಟ್ಟಿಗೆಗೂ ಆಯ್ತು."

"ಅಂದ್ರೆ ನೀವೇ ಕದ್ರಿ."

"ನಾನೇ ಕದ್ದೆ." ಅಷ್ಟು ಹೇಳಿ ಅವರಿಗೆ ಹಗುರಾಯಿತೆಂದು ಕಾಣುತ್ತದೆ, ಉಸಿರು ಬಿಟ್ಟರು. "ಬೆಡ್‌ರೂಮಿನ ಅಲ್ಮೇರಾ ಮೇಲೆ, ಹಳೇ ಕಂಬಳಿ ಕೆಳಗೆ ಇಟ್ಟಿದ್ದೆ. ಎರಡು ದಿನ ಬಿಟ್ಟು ನೋಡ್ತೀನಿ, ಬರೀ ಕಂಬಳಿ ಇದೆ. ನಾನು ಕದ್ದಿದ್ದನ್ನ ನನ್ನ ಮನೆಯಿಂದ ಯಾರೋ ಕದ್ದಿದಾರೆ. ಕಂಪ್ಲೇಂಟ್ ಕೊಡೋ ಹಾಗೂ ಇಲ್ಲ."

"ಮನೇಲಿ ಇನ್ಯಾರಿರ್ತಾರೆ?"

"ಯಾರೂ ಇಲ್ಲ. ನಾನು, ಇವಳು. ಇವಳಿಗೆ ಗಿಟಾರೂ ಒಂದೇ ಪೊರಕೆಯೂ ಒಂದೇ."

ಮೂಲೆಯ ಕುರ್ಚಿ ಕಿರುಗುಟ್ಟಿತು.

"ಪೊರಕೆ ನಾಳೆಯಿಂದ ನೀವೇ ಹಿಡೀರಿ," ಎಂದರು ಹೆಂಡತಿ, ಎದ್ದು ನಿಂತು. "ತಂತಿ ಹಾಕಿದ್ದು ನಾನು. ಶ್ರುತಿ ಮಾಡಿದ್ದು ನಾನು. ತಂದಿಟ್ಟಿದ್ದೂ ನಾನೇ. ಹಾಸಿಗೆ ಬಟ್ಟೆಯಲ್ಲಿ ಸುತ್ಕೊಂಡು ಬೆಳಗ್ಗೆ ಕಸ ಗುಡಿಸೋರ ಜೊತೆ ಒಳಗೆ ಬಂದು, ಇವರ ಕೀಲಿಯಿಂದಲೇ ಪೆಟ್ಟಿಗೆ ತೆಗೆದೆ. ಬಾಗಿಲಲ್ಲಿದ್ದ ಕಾವಲುಗಾರ ಇಸ್ತ್ರಿ ಹಲಗೆ ಅಂದ್ಕೊಂಡು ಒಂದು ಕೈ ಕೊಟ್ಟ, ಪಾಪ."

ಮಿಂಚು ತೆಗೆದಿದ್ದ ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ನಾನು ವಾರಕ್ಕೆರಡು ದಿನ ಮಂಡಿ ನೋವಿನ ವ್ಯಾಯಾಮಕ್ಕೆ ಹೋಗ್ತೀನಲ್ಲ, ನನ್ನ ಮಂಡಿಗೆ ಏನೂ ಆಗಿಲ್ಲ," ಎಂದು ಆಕೆ ಮುಂದುವರಿಸಿದರು. ಈಗ ಅವರು ಮಾತಾಡುತ್ತಿದ್ದದ್ದು ಅತ್ತಿಗೆಯೊಂದಿಗೆ. "ಒಂದಿನ ಆ ಬೀದೀಲಿ ಹೋಗ್ತಿದ್ದಾಗ ಮೇಲಿನ ಕಿಟಕಿಯಿಂದ ಈ ವಾದನ ಕೇಳಿಸ್ತು. ರೆಕಾರ್ಡಿಗಿಂತ ಚೆನ್ನಾಗಿತ್ತು. ಮೆಟ್ಟಿಲು ಹತ್ತಿ ಹೋದೆ. ಇಷ್ಟೇ ಇಷ್ಟು ಮುದುಕಿ. ಯಾರು ಕಲಿಸಿದ್ರು ಅಂದೆ. ನಾನೇ ಕಟ್ಟಿದ್ದು ಅಂದ್ರು. ಈ ಗಿಟಾರಿನ ತಂತಿ ಕೆಳಗೆ ನಾದ ಹಿಡಿಯೋ ತಾಮ್ರದ ಸುರುಳಿ ಇದೆಯಲ್ಲ, ಅದನ್ನ ಸುತ್ತಿದ್ದೂ ಅವರ ಕೈಯೇ. ನಾನು ಇಂಥವರ ಹೆಂಡತಿ ಅಂತ ಹೇಳೋಕೆ ನಾಚಿಕೆ ಆಗಿ, ಮಂಡಿ ನೋವು ಅಂದುಬಿಟ್ಟೆ. ಅವರು ನಕ್ಕು ಕೈಗೊಂದು ಗಿಟಾರು ಕೊಟ್ರು. ಅಲ್ಲಿಗೆ ಬರೋರೆಲ್ಲ ಹಾಗೇ. ಒಬ್ಬರಿಗೂ ಮಂಡಿ ನೋವಿಲ್ಲ."

"ನನಗೆ ಹೇಳ್ಲೇ ಇಲ್ಲ," ಎಂದರು ಮಿಂಚು.

"ನೀವು ಹೇಳ್ಲಿ ಅಂತ ಕಾದೆ. ಎಷ್ಟು ವರ್ಷ ಕಾದೆ ಗೊತ್ತಾ? ಪ್ರತಿ ಸಲ ಊಟಕ್ಕೆ ಬಡಿಸುವಾಗ, ಇವತ್ತು ಬಾಯಿ ಬಿಡ್ತಾರೇನೋ ಅಂತ. ನೀವು ಬಾಯಿ ಬಿಟ್ಟಿದ್ದು ಉಪ್ಪು ಕಡಿಮೆ ಅಂತ ಹೇಳೋಕೆ ಮಾತ್ರ."

ಮೈದುನ ಮೆಲ್ಲನೆ ಎದ್ದು ಆಕೆಗೆ ತನ್ನ ಸ್ಟೂಲು ಬಿಟ್ಟುಕೊಟ್ಟ. ಅವನು ಅಷ್ಟು ಹೊತ್ತು ಮಿಂಚು ಅವರಿಗೂ ಆ ಗೌರವ ತೋರಿಸಿರಲಿಲ್ಲ.

"ಫಲಕ ಎಲ್ಲಿಟ್ಟಿದೀರಿ ಅಮ್ಮ?" ಎಂದು ಕೇಳಿದಳು ಅತ್ತಿಗೆ.

"ಯಾವ ಫಲಕ? ನಾನು ಗಿಟಾರು ಇಟ್ಟು ಹೋಗುವಾಗ ಫಲಕ ಅಲ್ಲೇ ಇತ್ತು. ಅದನ್ನ ನೋಡಿ ಒಂದು ಮಾತು ಬೈದೇ ಹೋಗಿದ್ದು."

ಅತ್ತಿಗೆ ಮತ್ತೆ ಮೊಣಕಾಲೂರಿ ಆ ನಾಲ್ಕು ತೂತುಗಳನ್ನು ನೋಡಿದಳು. ಮರಕ್ಕೆ ಗೀರು ಬಿದ್ದಿರಲಿಲ್ಲ. ಚಾಕುವಿನಿಂದ ಮೀಟಿದ್ದಲ್ಲ, ಹೊರಗಿನವರು ಅವಸರದಲ್ಲಿ ಕಿತ್ತದ್ದೂ ಅಲ್ಲ. ಸರಿಯಾದ ಸ್ಕ್ರೂಡ್ರೈವರ್ ಹಿಡಿದು, ಯಾರಾದರೂ ಕೇಳಿಯಾರೆಂಬ ಹೆದರಿಕೆಯಿಲ್ಲದೆ, ಸಾವಕಾಶವಾಗಿ ಬಿಚ್ಚಿದ್ದು. ಈ ಕಟ್ಟಡದಲ್ಲಿ ಅಂಥ ಮನುಷ್ಯ ಮೇಲ್ವಿಚಾರಕ ಒಬ್ಬನೇ. ನಿಜ ಅವನಿಗೆ ಮೊದಲೇ ಗೊತ್ತಿರಬೇಕು, ಅದು ಹೊರಬಿದ್ದರೆ ಸುಳ್ಳು ಫಲಕದ ಹೊಣೆ ತನ್ನ ತಲೆಗೇ ಬರುತ್ತದೆಂದು ಬಿಚ್ಚಿಟ್ಟಿರಬೇಕು. ಅವನ ರೂಮಿಗೆ ಹೋಗಿ ನೋಡಿದರೆ ಖಾಲಿ ಕುರ್ಚಿ ಇತ್ತು.

"ಗುಬ್ಬಿಯವರು ಈಗ ಎಲ್ಲಿರ್ತಾರೆ?" ಎಂದು ಅವಳು ಓಡಿಬಂದು ಕೇಳಿದಳು.

"ಇಲ್ಲಿಗೇ ಬರ್ಬೇಕಿತ್ತು," ಎಂದರು ಮಿಂಚು ಅವರ ಹೆಂಡತಿ. "ನಾಳೆ ಉದ್ಘಾಟನೆಯ ಕಲ್ಲಿನ ಮೇಲೆ ಇವರ ಹೆಸರು ಕೂತರೆ ಆಮೇಲೆ ಯಾರು ಅಳಿಸ್ತಾರೆ, ಇವತ್ತೇ ಬಂದು ಎಲ್ಲರೆದುರು ಹೇಳಿ ಅಂತ ಕಾಲು ಹಿಡಿದು ಒಪ್ಪಿಸಿದ್ದೆ. ಅದಕ್ಕೇ ಗಿಟಾರು ಸಿದ್ಧ ಮಾಡಿ ಇಟ್ಟಿದ್ದು. ಮಾತು ತಪ್ಪೋರಲ್ಲ. ಯಾಕೆ ಬಂದಿಲ್ಲ ಅಂತ ನನಗೂ ಆಗಲಿಂದ ಜೀವ ಹೊಡ್ಕೊಳ್ತಿದೆ."

ಮೈದುನನ ಸಣ್ಣ ಕಾರಿನಲ್ಲಿ ನಾಲ್ವರೂ ತುಂಬಿಕೊಂಡರು. ಮಿಂಚು ಹಿಂದಿನ ಸೀಟಿನಲ್ಲಿ ಮಂಡಿಗಳನ್ನು ಕಿವಿಯ ಹತ್ತಿರಕ್ಕೆ ಮಡಚಿಕೊಂಡು ಕೂತರು. ದಾರಿಯುದ್ದಕ್ಕೂ ಒಂದೇ ಮಾತಾಡಿದ್ದು. "ಬಾಚಣಿಗೆ ಕೊಡು." ಹೆಂಡತಿ ಕೊಡಲಿಲ್ಲ.

ಅದು ಟೈರ್ ಅಂಗಡಿಯ ಮೇಲಿನ ಮಹಡಿ. 'ಮಂಡಿ ಮತ್ತು ಸೊಂಟದ ವ್ಯಾಯಾಮ, ಹೆಂಗಸರಿಗೆ ಮಾತ್ರ' ಎಂಬ ಬೋರ್ಡು. ಮಿಂಚು ಆ ಬೋರ್ಡು ಓದಿ, ಅದೇ ನೆಪವಾಗಿ ಕಾರಿನಲ್ಲೇ ಉಳಿದರು. ಮೇಲೆ ಬಾಗಿಲು ತೆರೆದಿತ್ತು. ಗೋಡೆಗೆ ಸಾಲಾಗಿ ಗಿಟಾರುಗಳು, ಮೂಲೆಯಲ್ಲಿ ಯಾರೂ ಬಿಚ್ಚದ ವ್ಯಾಯಾಮದ ಚಾಪೆಗಳು. ಆಂಪ್ಲಿಫೈಯರಿನ ದೀಪ ಉರಿಯುತ್ತಿತ್ತು. ಅರ್ಧ ಕುಡಿದ ಚಹಾ ಆರಿ ಕೆನೆಗಟ್ಟಿತ್ತು. ಗುಬ್ಬಿ ಇರಲಿಲ್ಲ.

ಕೆಳಗೆ ಟೈರ್ ಅಂಗಡಿಯವನು ಚಕ್ರಕ್ಕೆ ಗಾಳಿ ತುಂಬುತ್ತಿದ್ದ.

"ಅಮ್ಮಾವ್ರಾ? ಅವರನ್ನ ಪತ್ತೇದಾರಿ ಅತ್ತಿಗೆ ಬಂದು ಕರ್ಕೊಂಡು ಹೋದ್ರಲ್ಲ," ಎಂದ, ತಲೆ ಎತ್ತದೆ.

"ಯಾವ ಅತ್ತಿಗೆ?" ಎಂದಳು ಅತ್ತಿಗೆ.

"ಅವರೇ, ಪೇಪರಲ್ಲಿ ಬರ್ತಾರಲ್ಲ. ಕಾರ್ಡು ಕೊಟ್ಟು ಹೋಗಿದಾರೆ, ನೋಡಿ."

ಗ್ರೀಸು ಮೆತ್ತಿದ ಕಾರ್ಡನ್ನು ಅವಳು ಕೈಗೆ ತೆಗೆದುಕೊಂಡಳು. ತನ್ನದೇ ಕಾರ್ಡು. ಕಚೇರಿಯೂ ಆಗಿದ್ದ ತನ್ನ ಮನೆಯದೇ ವಿಳಾಸ. 'ಸುಪ್ತ ತನಿಖೆಗೆ ಸಂಪರ್ಕಿಸಿ' ಎಂದಿತ್ತು. 'ಗುಪ್ತ' ಎಂದು ಇರಬೇಕಾದ ಕಡೆ ಪ್ರೆಸ್ಸಿನವನು 'ಸುಪ್ತ' ಎಂದು ಅಚ್ಚು ಹಾಕಿ, ನಿದ್ದೆ ಮಾಡುವ ಪತ್ತೇದಾರಿಣಿ ಎಂಬ ಹೆಸರು ಬರುವಂತೆ ಮಾಡಿದ್ದ. ಅಂದಿನಿಂದ ಅವಳು ಯಾವ ಕಾರ್ಡನ್ನೂ ಪೆನ್ನಿನಿಂದ ತಿದ್ದದೆ ಯಾರಿಗೂ ಕೊಟ್ಟವಳಲ್ಲ. ಇದನ್ನು ತಿದ್ದಿರಲಿಲ್ಲ. ತಿದ್ದದ ಕಾರ್ಡುಗಳೆಲ್ಲ ಇದ್ದದ್ದು ಒಂದೇ ಕಡೆ, ಅವಳ ಮನೆಯ ಟೀವಿ ಕೆಳಗಿನ ಡ್ರಾಯರಿನಲ್ಲಿ.

"ಬಂದವರು ನೋಡೋಕೆ ಹೇಗಿದ್ರು?"

"ವಯಸ್ಸಾದವರು. ಗತ್ತು ಜಾಸ್ತಿ. ಅಂಗಡಿ ಮುಂದೆ ಇಷ್ಟು ಗಲೀಜು ಇಟ್ಕೊಂಡಿದೀಯಲ್ಲ, ನಿನ್ನ ತಾಯಿ ಇದೇನಾ ಕಲಿಸಿದ್ದು ಅಂತ ನನ್ನನ್ನ ಬೈದ್ರು. ಟೈರ್ ಅಂಗಡಿ ಮುಂದೆ ಟೈರ್ ಇಟ್ಟಿದ್ದಕ್ಕೆ."

ಅತ್ತಿಗೆ, ಮೈದುನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪರಿಚಯವಿಲ್ಲದವರನ್ನು ಮೊದಲ ಭೇಟಿಯಲ್ಲೇ ಹೀಗೆ ಬೈಯುವ ಮನುಷ್ಯರು ಈ ಭೂಮಿಯ ಮೇಲೆ ಅವರಿಗೆ ಗೊತ್ತಿದ್ದದ್ದು ಒಬ್ಬರೇ.

"ಅಮ್ಮ," ಎಂದ ಮೈದುನ, ಉಸಿರೇ ಇಲ್ಲದೆ.

ಅತ್ತಿಗೆ ಮನೆಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು.

"ಏನು?" ಎಂದರು ಅತ್ತೆ. ಅವರು ಯಾವತ್ತೂ ಹಲೋ ಎಂದವರಲ್ಲ.

"ಅತ್ತೆ, ಗುಬ್ಬಿಯವರು ನಿಮ್ಮ ಜೊತೆ ಇದಾರಾ?"

"ಇದಾಳೆ. ಊಟ ಮಾಡ್ತಿದಾಳೆ. ಮೊದಲೂ ಅಷ್ಟೇ, ಗುಬ್ಬಿ ಹಾಗೇ ಕೊಕ್ಕಾಡಿಸ್ತಾಳೆ."

"ನನ್ನ ಕಾರ್ಡು ತಗೊಂಡು, ನಾನೇ ಅಂತ ಹೇಳ್ಕೊಂಡು ನೀವು..."

"ಇನ್ನೇನು ಮಾಡ್ಲಿ? ಬೆಳಗ್ಗೆ ಯಾವನೋ ಅವಳಿಗೆ ಫೋನ್ ಮಾಡಿ, ನಾಳೆ ಮುಗಿಯೋ ತನಕ ಊರು ಬಿಟ್ಟು ಹೋಗು, ಬಾಯಿ ಬಿಟ್ರೆ ನೆಟ್ಟಗಿರಲ್ಲ ಅಂತ ಹೆದರಿಸಿದಾನೆ. ನನಗೆ ಫೋನ್ ಮಾಡಿ ಅತ್ತಳು. ನಾನು ಹೋಗಿ ಕರ್ಕೊಂಡು ಬಂದೆ. ಪತ್ತೇದಾರಿ ಅಂದ್ರೆ ಜನ ಅಡ್ಡ ಬರಲ್ಲ ಅಂತ ನೀನೇ ಹೇಳ್ತಿರ್ತೀಯಲ್ಲ."

"ಅವರು ನಿಮಗ್ಯಾಕೆ ಫೋನ್ ಮಾಡ್ತಾರೆ ಅತ್ತೆ? ನಿಮಗೆ ಅವರು ಹೇಗೆ ಗೊತ್ತು?"

ಅತ್ತೆ ಮಾತಿಗೆ ತಡಕಾಡಿದ್ದನ್ನು ಅತ್ತಿಗೆ ಮದುವೆಯಾದಂದಿನಿಂದ ಕಂಡಿರಲಿಲ್ಲ.

"ಗಿಟಾರು ನುಡಿಸಿದ್ದು ಅವಳು ಅಂತ ಪತ್ತೆ ಮಾಡಿದೀಯಲ್ಲ, ಜಾಣೆ," ಎಂದರು ಕೊನೆಗೆ. "ಆ ರೆಕಾರ್ಡಲ್ಲಿ ಡ್ರಮ್ಮು ಬಾರಿಸಿದ್ದು ಯಾರು ಅಂತ ಯಾಕೆ ಕೇಳ್ಲಿಲ್ಲ?"

ಮೈದುನ ಹತ್ತಿರದಲ್ಲಿದ್ದ ಟೈರಿನ ಮೇಲೆ ಕೂತುಬಿಟ್ಟ. ಟೈರಿನ ನಡುವೆ ತೂತಿರುವುದು ಅವನಿಗೆ ಕೂತ ಮೇಲೆ ನೆನಪಾಯಿತು.

ಅವನನ್ನು ಮೇಲೆತ್ತುತ್ತ ಟೈರ್ ಅಂಗಡಿಯವನು ಹೇಳಿದ, "ಆ ಕಾರ್ಡಿಗೆ ಇವತ್ತು ಬಹಳ ಗಿರಾಕಿ ಬಿಡಿ. ನಿಮಗಿಂತ ಸ್ವಲ್ಪ ಮುಂಚೆ ಟೈ ಕಟ್ಕೊಂಡ ಸಾಹೇಬ್ರೊಬ್ಬರು ಅಮ್ಮಾವ್ರನ್ನ ಕೇಳ್ಕೊಂಡು ಬಂದಿದ್ರು. ಅದರಲ್ಲಿರೋ ವಿಳಾಸ ಬರ್ಕೊಂಡು ಹೋದ್ರು."

ಫೋನಿನೊಳಗೆ ಮನೆಯ ಕರೆಗಂಟೆ ಕೇಳಿಸಿತು.

"ಯಾರೋ ಬಂದ್ರು, ಇರು," ಎಂದರು ಅತ್ತೆ.

"ಅತ್ತೆ, ಬಾಗಿಲು ತೆಗೀಬೇಡಿ."

ಸೊಸೆ ಬೇಡವೆಂದದ್ದನ್ನು ಅತ್ತೆ ಬಿಟ್ಟ ಇತಿಹಾಸವೇ ಆ ಮನೆಯಲ್ಲಿರಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟ ಸದ್ದು, ಚಪ್ಪಲಿಯ ಸದ್ದು, ಚಿಲಕ ಸರಿದ ಸದ್ದು ಒಂದರ ಹಿಂದೊಂದು ಬಂದವು. ಆಮೇಲೆ ತುಂಬ ಮರ್ಯಾದೆಯ ಒಂದು ಗಂಡು ದನಿ.

"ನಮಸ್ಕಾರ ಅಮ್ಮ. ಮ್ಯೂಸಿಯಂನಿಂದ ಬಂದಿದೀನಿ. ನಿಮ್ಮ ಸೊಸೆಯವರೇ ಕಳಿಸಿದ್ರು. ಒಳಗಿರೋ ಅಮ್ಮಾವ್ರನ್ನ ಕರ್ಕೊಂಡು ಬಾ ಅಂತ."